ಅಕ್ಕನ ಸೊಂಟದಿಂದ ಇಳಿದ ಕೂಸು

ನನ್ನ ತಾಯಿ ಶಾಲೆಗೆ ಹೋದದ್ದು ಮೂರನೇ ತರಗತಿಯವರೆಗೆ. ಓದಿನಲ್ಲಿ ಹಿಂದೆ ಬಿದ್ದವರೇನಲ್ಲ, ಹದಿನಾರರವರೆಗಿನ ಮಗ್ಗಿಯನ್ನು ಇಂದಿಗೂ ತಡವರಿಸದೆ ಒಪ್ಪಿಸುತ್ತಾರೆ. ಅವರಿಗೆ ಎಂಟು ವರ್ಷವಾಗಿದ್ದಾಗ ತಮ್ಮ ಹುಟ್ಟಿದ, ಮೂರು ತಿಂಗಳಿಗೆಲ್ಲ ಅಜ್ಜಿ ಗದ್ದೆ ಕೆಲಸಕ್ಕೆ ಮರಳಿದರು, ಕೂಸು ಅಕ್ಕನ ಸೊಂಟಕ್ಕೆ ಬಂತು. ಕೆಲವು ದಿನ ತಮ್ಮನನ್ನು ಎತ್ತಿಕೊಂಡೇ ತರಗತಿಗೆ ಹೋದರಂತೆ. ಅದು ಅತ್ತಾಗ ಮೇಷ್ಟ್ರು ಹೊರಗೆ ಕಳಿಸುತ್ತಿದ್ದರು, ಇವರು ಶಾಲೆಯ ಜಗಲಿಯ ಕಂಬಕ್ಕೆ ಒರಗಿ ಕೂಸನ್ನು ತೂಗುತ್ತಲೇ ಒಳಗಿನ ಪಾಠ ಕೇಳಿಸಿಕೊಳ್ಳುತ್ತಿದ್ದರು. ಮಳೆಗಾಲ ಹಿಡಿದ ಮೇಲೆ ಅದೂ ನಿಂತಿತು. ಹೊತ್ತು ಹೊತ್ತು ಎಡ ಸೊಂಟದ ಚರ್ಮ ಕಪ್ಪುಗಟ್ಟಿತ್ತು ಎಂದು ಹೇಳುವಾಗಲೂ ಅವರ ದನಿಯಲ್ಲಿ ದೂರು ಇರುವುದಿಲ್ಲ, ಏಕೆಂದರೆ ಅವರ ಓರಗೆಯ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಹಾಗೆಯೇ ಶಾಲೆ ಬಿಟ್ಟವರು.

ಕೂಡು ಕುಟುಂಬ ಹೋಯಿತು, ಮಕ್ಕಳ ಬಾಲ್ಯ ಬಡವಾಯಿತು ಎಂಬ ಮಾತು ಸಭೆಗಳಲ್ಲಿ, ಮದುವೆಮನೆಗಳಲ್ಲಿ ಬಂದಾಗಲೆಲ್ಲ ನನಗೆ ಆ ಜಗಲಿಯ ಕಂಬ ನೆನಪಾಗುತ್ತದೆ. ಮನೆತುಂಬ ಜನರಿದ್ದಾಗ ಮಗು ತಾನಾಗಿ ಬೆಳೆಯುತ್ತಿತ್ತು ಎಂದು ನಾವು ಹೇಳಿಕೊಳ್ಳುತ್ತೇವೆ. ಮಗು ಯಾವ ಕಾಲದಲ್ಲೂ ತಾನಾಗಿ ಬೆಳೆದಿಲ್ಲ. ಅದನ್ನು ಎತ್ತಿಕೊಳ್ಳಲು, ಉಣಿಸಲು, ಬಾವಿಕಟ್ಟೆಯ ಹತ್ತಿರ ಹೋಗದಂತೆ ಕಾಯಲು ದಿನಪೂರ್ತಿ ಯಾರದೋ ಕೈ ಬೇಕಿತ್ತು, ಆ ಕೈ ಯಾವಾಗಲೂ ಇತ್ತು. ಅದಕ್ಕೆ ಕೂಲಿ ಇರಲಿಲ್ಲ, ಲೆಕ್ಕ ಇರಲಿಲ್ಲ, ಆದ್ದರಿಂದ ನೆನಪಿನಲ್ಲಿಯೂ ಉಳಿದಿಲ್ಲ. ಕಳೆದ ನಾಲ್ಕೈದು ದಶಕಗಳಲ್ಲಿ ಕರ್ನಾಟಕದ ಕುಟುಂಬಗಳಲ್ಲಿ ಆದ ಬದಲಾವಣೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿದರೆ, ಈ ಉಚಿತ ಕೈಗಳು ಒಂದರ ಹಿಂದೊಂದು ಬೇರೆ ಕೆಲಸಗಳಿಗೆ ಹೊರಟುಹೋದದ್ದೇ ಎದ್ದು ಕಾಣುತ್ತದೆ. ಬಹುತೇಕ ಅವು ಹೋದದ್ದು ಒಳ್ಳೆಯ ಕಡೆಗೇ. ಆದರೆ ಅವು ತೆರವು ಮಾಡಿದ ಜಾಗಕ್ಕೆ ಯಾರು ಬರಬೇಕು ಎಂಬುದನ್ನು ನಾವು ಇನ್ನೂ ತೀರ್ಮಾನಿಸಿಲ್ಲ.

ಮೊದಲು ಹಳೆಯ ಮನೆಯ ಚಿತ್ರವನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು. ಮೂರು ತಲೆಮಾರು, ಇಪ್ಪತ್ತು ಮೂವತ್ತು ಜನ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದ ಮನೆಗಳು ಇದ್ದವು, ಆದರೆ ಹೆಚ್ಚಾಗಿ ಜಮೀನು ಇದ್ದವರಲ್ಲಿ. ಭೂಮಿಯಿಲ್ಲದ ಕೂಲಿಕಾರನಿಗೆ ಹಂಚಿಕೊಳ್ಳಲೂ ಏನಿರಲಿಲ್ಲ, ಒಟ್ಟಿಗೆ ಹಿಡಿದಿಡಲೂ ಏನಿರಲಿಲ್ಲ. ಇನ್ನೊಂದು ವಿಷಯವಿದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಶಿಶುಮರಣವೇ ಆ ಸರಾಸರಿಯನ್ನು ಬಹುಪಾಲು ಕೆಳಗೆಳೆದಿತ್ತು ಎಂಬುದು ನಿಜ, ಆದರೂ ಮೊಮ್ಮಕ್ಕಳನ್ನು ಹತ್ತು ಹದಿನೈದು ವರ್ಷ ಸಾಕುವಷ್ಟು ಕಾಲ ಗಟ್ಟಿಮುಟ್ಟಾಗಿ ಬದುಕಿರುವ ಅಜ್ಜಿ ಪ್ರತಿ ಮನೆಯಲ್ಲಿಯೂ ಇರಲು ಸಾಧ್ಯವಿರಲಿಲ್ಲ. ಎಪ್ಪತ್ತರ ಆಸುಪಾಸಿನ ಸರಾಸರಿ ಆಯುಷ್ಯವಿರುವ ಇಂದು ಅಜ್ಜಿ ಇರುವ ಮಕ್ಕಳು ಅಂದಿಗಿಂತ ಹೆಚ್ಚು. ಅಜ್ಜಿ ಹಳೆಯ ಕಾಲದ ಸಂಪತ್ತು, ಈಗ ಕಳೆದುಹೋಗಿದೆ ಎನ್ನುವ ನಮ್ಮ ನಂಬಿಕೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಅಂದಿನ ಮನೆಯಲ್ಲಿ ಕೂಸನ್ನು ಹೊತ್ತವರು ಯಾರು? ಹೆಚ್ಚಾಗಿ ಏಳರಿಂದ ಹನ್ನೆರಡು ವರ್ಷದ ಅಕ್ಕ, ಮದುವೆಗಿದ್ದ ಚಿಕ್ಕಮ್ಮ ಅಥವಾ ಅತ್ತೆ, ಕೆಲವು ಮನೆಗಳಲ್ಲಿ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿ, ಆಮೇಲೆ ಜೀವನಪೂರ್ತಿ ಬೇರೆಯವರ ಮಕ್ಕಳನ್ನು ಬೆಳೆಸಿದ ಹೆಂಗಸು. ನಾವು ಕೂಡು ಕುಟುಂಬದ ಬೆಚ್ಚನೆ ಎಂದು ಕರೆಯುವುದರಲ್ಲಿ ಬಹಳಷ್ಟು ಬಂದದ್ದು ಇವರಿಂದ. ಅದನ್ನು ಇಲ್ಲವೆನ್ನಬೇಕಿಲ್ಲ, ಆ ಮಕ್ಕಳಿಗೆ ಸಿಕ್ಕ ಪ್ರೀತಿ ನಿಜವಾದ ಪ್ರೀತಿಯೇ. ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನೂ ಜೊತೆಗೆ ಹೇಳಬೇಕು, ಅಷ್ಟೆ.

ಈ ಕೈಗಳು ಚದುರಿದ್ದು ಹೇಗೆ ಎಂಬುದಕ್ಕೆ ಅಂಕಿಗಳಿವೆ. ಕರ್ನಾಟಕದಲ್ಲಿ ಮಹಿಳಾ ಸಾಕ್ಷರತೆ 1991ರಲ್ಲಿ ಶೇ 44ರಷ್ಟಿತ್ತು, 2011ರಲ್ಲಿ ಶೇ 68 ದಾಟಿತು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ರಾಜ್ಯವಿಡೀ ಹರಡಿದ ಅಕ್ಷರ ದಾಸೋಹದ ಬಿಸಿಯೂಟ, ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಬಂದ ಸೈಕಲ್, 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಇವೆಲ್ಲ ಸೇರಿ ಅಕ್ಕನ ಸೊಂಟದಿಂದ ಕೂಸನ್ನು ಇಳಿಸಿ ಅವಳನ್ನು ತರಗತಿಯೊಳಗೆ ಕೂರಿಸಿದವು. ಅದೇ ಹೊತ್ತಿಗೆ ಅಕ್ಕಂದಿರ ಸಂಖ್ಯೆಯೂ ಇಳಿಯುತ್ತ ಬಂತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮೊದಲ ಸಮೀಕ್ಷೆ ನಡೆದ 1992-93ರಲ್ಲಿ ಅದು ಮೂರರ ಸಮೀಪದಲ್ಲಿತ್ತು. ಇಬ್ಬರೇ ಮಕ್ಕಳು, ಅವರ ನಡುವೆ ಮೂರು ವರ್ಷದ ಅಂತರ ಎಂದಾದರೆ ಹಿರಿಯದು ಕಿರಿಯದನ್ನು ಹೊರುವ ವಯಸ್ಸಿನಲ್ಲೇ ಇರುವುದಿಲ್ಲ.

ಈ ಇಳಿಕೆ ಒಂದು ತಲೆಮಾರಿಗೆ ನಿಲ್ಲುವುದಿಲ್ಲ. ಇಬ್ಬರು ಅಥವಾ ಒಬ್ಬರೇ ಇರುವ ಮನೆಗಳ ಮಕ್ಕಳು ತಾಯಿತಂದೆಯರಾದಾಗ ಅವರ ಮಕ್ಕಳಿಗೆ ಚಿಕ್ಕಮ್ಮ, ದೊಡ್ಡಮ್ಮ, ಸೋದರಮಾವ ಎಂಬ ಸಂಬಂಧಗಳೇ ಅಪರೂಪವಾಗುತ್ತವೆ. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ. ಈಚೆಗೆ ನಾನು ಹೋಗಿದ್ದ ನಾಮಕರಣವೊಂದರಲ್ಲಿ ಮಗುವಿನ ತಂದೆಗೆ ಒಡಹುಟ್ಟಿದವರಿಲ್ಲದ ಕಾರಣ ದೊಡ್ಡಪ್ಪನ ಮಗಳನ್ನು ಹುಬ್ಬಳ್ಳಿಯಿಂದ ಕರೆಸಿದ್ದರು. ಅವಳು ಬೆಳಿಗ್ಗೆಯ ರೈಲಿಗೆ ಬಂದು ಹೆಸರು ಹೇಳಿ, ತೊಟ್ಟಿಲು ತೂಗಿ, ಉಡುಗೊರೆ ಕೊಟ್ಟು ರಾತ್ರಿಯ ರೈಲಿಗೆ ಹೊರಟಳು. ಶಾಸ್ತ್ರಕ್ಕೆ ಲೋಪ ಬರಲಿಲ್ಲ. ಆ ಮಗುವಿಗೆ ಜ್ವರ ಬಂದ ರಾತ್ರಿ ಬಾಗಿಲು ತಟ್ಟಲು ಮಾತ್ರ ಆ ಅತ್ತೆ ಪಕ್ಕದ ಬೀದಿಯಲ್ಲಿಲ್ಲ.

ಸರ್ಕಾರಕ್ಕೆ ಇದು ತಿಳಿಯದೆ ಇರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೇ, ತಮ್ಮಂದಿರನ್ನು, ತಂಗಿಯರನ್ನು ನೋಡಿಕೊಳ್ಳಬೇಕಾದ ಹೆಣ್ಣುಮಕ್ಕಳು ಶಾಲೆಗೆ ಬರುವಂತಾಗಲು ಮತ್ತು ಬಡ ಕುಟುಂಬಗಳ ದುಡಿಯುವ ಮಹಿಳೆಯರಿಗೆ ಆಸರೆಯಾಗಲು ಶಿಶುಪಾಲನಾ ಕೇಂದ್ರಗಳು ಬೇಕು ಎಂದು ಬರೆದಿತ್ತು. ಅದಕ್ಕೂ ಮೊದಲೇ, 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿತ್ತು. ಕರ್ನಾಟಕದಲ್ಲಿ ಅದರ ಮೊದಲ ಹೆಜ್ಜೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ನೂರು ಅಂಗನವಾಡಿಗಳು. ಇಂದು ರಾಜ್ಯದಲ್ಲಿ ಅಂಗನವಾಡಿಗಳ ಸಂಖ್ಯೆ 65 ಸಾವಿರ ಮೀರಿದೆ. ಕನ್ನಡ ನಾಡಿನ ಯಾವ ಮೂಲೆಯ ಹಳ್ಳಿಗೆ ಹೋದರೂ ಗೋಡೆಯ ಮೇಲೆ ಹಣ್ಣು, ಪ್ರಾಣಿ, ಅ ಆ ಇ ಈ ಬರೆದ ಒಂದು ಕೋಣೆಯ ಕಟ್ಟಡ ಕಾಣುತ್ತದೆ, ಅದರ ಬಾಗಿಲಲ್ಲಿ ಸಾಲಾಗಿ ಬಿಟ್ಟ ಪುಟ್ಟ ಚಪ್ಪಲಿಗಳು. ಯಾವ ಸರ್ಕಾರಿ ಕಚೇರಿಯೂ ಜನರ ಮನೆಯ ಇಷ್ಟು ಹತ್ತಿರಕ್ಕೆ ಬಂದಿಲ್ಲ.

ಆದರೆ ಅಂಗನವಾಡಿಯನ್ನು ಕಟ್ಟಿದ್ದು ಪೌಷ್ಟಿಕತೆಗಾಗಿ, ಚುಚ್ಚುಮದ್ದಿಗಾಗಿ, ಶಾಲಾಪೂರ್ವ ಕಲಿಕೆಗಾಗಿ. ಮಗುವನ್ನು ದಿನವಿಡೀ ನೋಡಿಕೊಳ್ಳುವುದು ಅದರ ಮೂಲ ಉದ್ದೇಶಗಳಲ್ಲಿ ಇರಲಿಲ್ಲ. ಅಲ್ಲಿ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಮೂರರ ಒಳಗಿನವರಿಗೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ, ಮಗು ಅಂಗನವಾಡಿಗೆ ಬರುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಅಂದರೆ ಆರು ತಿಂಗಳು. ಅದೂ ಸಂಘಟಿತ ವಲಯದ ಕೆಲಸದಲ್ಲಿರುವವರಿಗೆ ಮಾತ್ರ. ಈ ರಜೆ ಪೂರ್ತಿ ದೊರೆತ ತಾಯಿಗೂ ಮಗುವಿನ ಆರನೆಯ ತಿಂಗಳಿನಿಂದ ಮೂರನೆಯ ವರ್ಷದವರೆಗೆ, ಮೂವತ್ತು ತಿಂಗಳು, ಯಾರೂ ಇಲ್ಲ. ಮಗು ತೆವಳುವುದು, ನಿಲ್ಲುವುದು, ನಡೆಯುವುದು, ಮಾತು ಕಲಿಯುವುದು, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದು ಎಲ್ಲವೂ ಆ ಮೂವತ್ತು ತಿಂಗಳಲ್ಲಿಯೇ.

ಈ ಮೂವತ್ತು ತಿಂಗಳು ನಿಜವಾಗಿ ಹೇಗೆ ಕಳೆಯುತ್ತವೆ ಎಂಬುದನ್ನು ತಿಳಿಯಲು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರ ಬದುಕನ್ನು ನೋಡಬೇಕು. ರಾಮನಗರ, ಚನ್ನಪಟ್ಟಣ, ಮದ್ದೂರಿನ ಸುತ್ತಲ ಹಳ್ಳಿಗಳಿಂದ ಮೈಸೂರು ರಸ್ತೆಯ ಕಾರ್ಖಾನೆಗಳಿಗೆ ಹೆಂಗಸರನ್ನು ತುಂಬಿಕೊಂಡ ವ್ಯಾನುಗಳು ಬೆಳಕು ಹರಿಯುತ್ತಲೇ ಹೊರಡುತ್ತವೆ. ಟೈಲರ್, ಹೆಲ್ಪರ್, ಚೆಕಿಂಗ್, ಪ್ಯಾಕಿಂಗ್ ಎಲ್ಲರಿಗೂ ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು, 1976ರಲ್ಲಿ ಆ ಸಂಖ್ಯೆ ಮೂವತ್ತಕ್ಕೆ ಇಳಿಯಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ಅಥವಾ ಹೆಚ್ಚು ನೌಕರರಿರುವ ಎಲ್ಲ ಸಂಸ್ಥೆಗಳಿಗೂ ಅದನ್ನು ವಿಸ್ತರಿಸಿ, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಬಹುದು ಎಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಐವತ್ತರ ಲೆಕ್ಕವೇ ಇದೆ. ಕಾಗದದ ಮೇಲೆ ಇದು ಒಳ್ಳೆಯ ಕಾನೂನು. ಆದರೆ ನಿಲ್ಲಲೂ ಜಾಗವಿಲ್ಲದ ವ್ಯಾನಿನಲ್ಲಿ ಒಂದೂವರೆ ಗಂಟೆ ಹೋಗಿ, ಒಂದೂವರೆ ಗಂಟೆ ಬರುವ ತಾಯಿ ಎಂಟು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೋಗುವುದು ಹೇಗೆ? ಶಿಶುಪಾಲನಾ ಕೇಂದ್ರ ಮಗು ಇರುವ ಕಡೆ ಇರಬೇಕು, ಕಾನೂನು ಅದನ್ನು ತಾಯಿಯ ಮೆಷಿನ್ ಇರುವ ಕಡೆ ಇಟ್ಟಿದೆ. ವೆಚ್ಚವನ್ನೆಲ್ಲ ಒಬ್ಬ ಮಾಲೀಕನ ಮೇಲೆ ಹಾಕಿದ್ದರಿಂದ ಮದುವೆಯಾದ ಹೊಸತರ ಹೆಣ್ಣುಮಗಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವವರಿಗೆ ಅದೇ ಒಂದು ನೆಪವೂ ಆಗಿದೆ.

2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ತಂದಿದ್ದ ನಿರ್ಬಂಧದ ವಿರುದ್ಧ ಇದೇ ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದು ಬೆಂಗಳೂರಿನ ಹೆದ್ದಾರಿಗಳನ್ನು ತಡೆದದ್ದನ್ನು ಓದುಗರು ಮರೆತಿರಲಾರರು. ಎರಡೇ ದಿನದಲ್ಲಿ ಆ ನಿಯಮ ವಾಪಸಾಯಿತು. ನಿವೃತ್ತಿಯ ಹಣಕ್ಕಾಗಿ ಇಷ್ಟೊಂದು ಸಿಟ್ಟೇಕೆ ಎಂದು ಆಗ ಕೆಲವರು ಕೇಳಿದ್ದರು. ಆ ಹಣ ಅವರಿಗೆ ನಿವೃತ್ತಿಯ ಹಣವಾಗಿರಲೇ ಇಲ್ಲ. ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ತೆಗೆಸಿ ಮಗುವಿನ ಶಾಲೆಯ ಫೀಸು ಕಟ್ಟುವುದು, ಹೆರಿಗೆಯ ಸಾಲ ತೀರಿಸುವುದು, ಮಗು ಸ್ವಲ್ಪ ದೊಡ್ಡದಾದ ಮೇಲೆ ಇನ್ನೊಂದು ಗಾರ್ಮೆಂಟ್ಸ್‌ಗೆ ಹೊಸಬಳಾಗಿ ಸೇರುವುದು ಅವರ ಬದುಕಿನ ಕ್ರಮ. ಹೆರಿಗೆ ಮತ್ತು ಮಗುವಿನ ಪಾಲನೆಗೆ ಸಮಾಜ ಕೊಡದ ಆಸರೆಯನ್ನು ಅವರು ತಮ್ಮ ಮುಪ್ಪಿನ ಉಳಿತಾಯದಿಂದ ತಾವೇ ಕೊಟ್ಟುಕೊಳ್ಳುತ್ತಿದ್ದರು.

ಇಂಥ ಮನೆಗಳಲ್ಲಿ ಉಳಿಯುವ ಒಂದೇ ದಾರಿ ಅಜ್ಜಿ. ಬಡವರ ಮನೆಯಲ್ಲಿ ಮಾತ್ರವಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿಯೂ. ಸಂಜೆ ಐದರ ಹೊತ್ತಿಗೆ ಯಾವುದಾದರೂ ಅಪಾರ್ಟ್‌ಮೆಂಟಿನ ಕೆಳಗಿನ ಆಟದ ಜಾಗಕ್ಕೆ ಹೋಗಿ ನೋಡಿ: ಸಿಮೆಂಟಿನ ಬೆಂಚಿನ ಮೇಲೆ ಸಾಗರದವರು, ಅರಸೀಕೆರೆಯವರು, ಗದಗದವರು, ಕುಂದಾಪುರದವರು, ಎಲ್ಲರೂ ಅರವತ್ತು ದಾಟಿದ ಹೆಂಗಸರು, ಒಂದು ಕಣ್ಣು ಜಾರುಬಂಡೆಯ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ಅವರೊಂದಿಗೆ ಹತ್ತು ನಿಮಿಷ ಮಾತಾಡಿದರೆ ಒಂದೇ ಸಂಗತಿ ಮತ್ತೆ ಮತ್ತೆ ಬರುತ್ತದೆ: ಯಜಮಾನರು ಊರಿನಲ್ಲಿ, ತಾನಿಲ್ಲಿ. ತೋಟ, ದನ, ಮನೆಯ ಬೀಗ ನೋಡಿಕೊಳ್ಳಲು ಅಜ್ಜ ಅಲ್ಲಿಯೇ ಇದ್ದಾರೆ. ಬೆಳಿಗ್ಗೆ ಒಬ್ಬರೇ ಗಂಜಿ ಕಾಯಿಸಿಕೊಳ್ಳುತ್ತಾರೆ, ರಾತ್ರಿ ವಿಡಿಯೊ ಕರೆಯಲ್ಲಿ ಮೊಮ್ಮಗುವನ್ನು ನೋಡುತ್ತಾರೆ. ಇಬ್ಬರು ಗಂಡುಮಕ್ಕಳಿದ್ದರೆ ಅಜ್ಜಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ನಲವತ್ತು ವರ್ಷ ಒಟ್ಟಿಗೆ ಬಾಳಿದ ಗಂಡ ಹೆಂಡತಿ ಮುಪ್ಪಿನಲ್ಲಿ ಹೀಗೆ ಬೇರೆ ಬೇರೆ ಇರಬೇಕಾದದ್ದನ್ನು ನಾವು ಕುಟುಂಬ ಒಡೆಯುವುದು ಎಂದು ಕರೆಯುವುದಿಲ್ಲ, ಕರೆಯಬೇಕೇನೋ. ಬೆಂಚಿನ ಮೇಲಿದ್ದ ಒಬ್ಬರು ಮಂಡಿ ನೀವಿಕೊಳ್ಳುತ್ತ ನನಗೆ ಹೇಳಿದ್ದು: "ಮೊಮ್ಮಗು ಅಂದ್ರೆ ಜೀವ ಕಣಪ್ಪ. ಆದ್ರೆ ನನ್ ತಂಗಿ ಹೋದಾಗ ಮಣ್ಣಿಗೂ ಹೋಗೋಕಾಗ್ಲಿಲ್ಲ, ಮಗೂನ್ ಯಾರತ್ರ ಬಿಡ್ಲಿ?"

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಇದೇ ವ್ಯವಸ್ಥೆ ವೀಸಾದ ಲೆಕ್ಕಕ್ಕೆ ಸಿಕ್ಕಿದೆ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಒಂದು ಬಾರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಹೀಗಾಗಿ ಹುಡುಗಿಯ ತಾಯಿತಂದೆ ಬಾಣಂತನಕ್ಕೆ ಹೋಗಿ ಆರು ತಿಂಗಳು ಇದ್ದು ಮರಳುವ ವಾರದಲ್ಲೇ ಹುಡುಗನ ತಾಯಿತಂದೆ ವಿಮಾನ ಹತ್ತುತ್ತಾರೆ. ಮೆಂತ್ಯದಹಿಟ್ಟು, ಓಮ, ಎಣ್ಣೆನೀರಿನ ಪದ್ಧತಿ ಎಲ್ಲವೂ ಸೂಟ್‌ಕೇಸಿನಲ್ಲಿ ಹೋಗುತ್ತವೆ. ವರ್ಷವೊಂದು ಕಳೆದ ಮೇಲೆ ಅಲ್ಲಿಯೂ ಪ್ರಶ್ನೆ ಅದೇ.

ಅಜ್ಜಿಯೂ ಇಲ್ಲದ ಮನೆಗಳಿವೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವವರ ಮಕ್ಕಳು ಮರಳಿನ ರಾಶಿಯ ಪಕ್ಕದಲ್ಲಿ, ಕಂಬಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗುತ್ತವೆ. ಅಲ್ಲಿ ಇನ್ನೂ ಅಕ್ಕನಿದ್ದಾಳೆ. ಊರಿನ ಶಾಲೆಯ ಹಾಜರಿಯಲ್ಲಿ ಅವಳ ಹೆಸರಿದ್ದರೂ ಅವಳು ಇರುವುದು ಆ ಜೋಳಿಗೆಯ ಹತ್ತಿರ. ನನ್ನ ತಾಯಿಯ ಕಾಲ ಮುಗಿಯಿತು ಎಂದು ನಾನು ಅಂದುಕೊಂಡಾಗಲೆಲ್ಲ ಇಂಥ ಒಂದು ಹುಡುಗಿ ಎಲ್ಲಾದರೂ ಕಾಣಿಸುತ್ತಾಳೆ. ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು ಅದೇ 2019-21ರ ಸಮೀಕ್ಷೆ ಹೇಳುತ್ತದೆ. ಇದನ್ನು ನಾವು ಆಹಾರದ ಕೊರತೆಯ ಲೆಕ್ಕಕ್ಕೆ ಮಾತ್ರ ಸೇರಿಸುತ್ತೇವೆ. ಒಂದೂವರೆ ವರ್ಷದ ಮಗುವಿಗೆ ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪವೇ, ಮೆತ್ತಗೆ ಕಿವುಚಿ, ಪುಸಲಾಯಿಸಿ ತಿನ್ನಿಸಬೇಕು. ಮನೆಯಲ್ಲಿ ಅಕ್ಕಿ ಬೇಳೆ ಇದ್ದೂ ತಿನ್ನಿಸುವ ಕೈ ಇಲ್ಲದಿದ್ದರೆ ಮಗು ಹಸಿದೇ ಇರುತ್ತದೆ.

ಹಣ ಸ್ವಲ್ಪ ಇರುವವರು ಇದೇ ಕೊರತೆಯನ್ನು ಶಾಲೆಯಿಂದ ತುಂಬಿಸಿಕೊಳ್ಳಲು ನೋಡುತ್ತಾರೆ. ಎರಡೂವರೆ ವರ್ಷಕ್ಕೆ ಪ್ರಿ-ಕೆಜಿ, ಆಮೇಲೆ ಎಲ್‌ಕೆಜಿ, ಯುಕೆಜಿ. ಇಂಗ್ಲಿಷ್ ವ್ಯಾಮೋಹ ಎಂದು ಇದನ್ನು ಬೈಯುವುದು ಸುಲಭ, ವ್ಯಾಮೋಹ ಇಲ್ಲವೆಂದೂ ನಾನು ಹೇಳುವುದಿಲ್ಲ. ಆದರೆ ಅನೇಕ ತಾಯಂದಿರಿಗೆ ಆ ಶಾಲೆ ಮೊದಲು ಒಂದು ಸುರಕ್ಷಿತ ಬಾಗಿಲು, ಆಮೇಲೆ ಶಾಲೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮ 2025ರಲ್ಲಿ ಜಾರಿಗೆ ಬರುವ ಹೊತ್ತಿಗೆ ಪೋಷಕರಿಂದ ಎಷ್ಟು ಒತ್ತಡ ಬಂತೆಂದರೆ ಸರ್ಕಾರ ಆ ವರ್ಷದ ಮಟ್ಟಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಬೇಕಾಯಿತು. ಮಕ್ಕಳನ್ನು ಬೇಗ ಬೇಗ ಸೇರಿಸಿಬಿಟ್ಟಿದ್ದ ತಾಯಿತಂದೆಯರಿಗೆ ಇನ್ನೊಂದು ವರ್ಷದ ಫೀಸು ದೊಡ್ಡ ಹೊರೆಯಾಗಿತ್ತು. ಅದಕ್ಕೂ ಹಿಂದಿನ ವರ್ಷ, 2024ರ ಜೂನ್‌ನಲ್ಲಿ, ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರದ ವಿರುದ್ಧ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕುಳಿತರು. ಮಕ್ಕಳು ಅತ್ತ ಹೋದರೆ ತಮ್ಮ ಕೇಂದ್ರಗಳು ಬರಿದಾಗುತ್ತವೆ ಎಂಬ ಅವರ ಭಯ ನ್ಯಾಯವಾದದ್ದೇ. ಐವತ್ತು ವರ್ಷಗಳಿಂದ ಊರೂರಿನ ಮಕ್ಕಳನ್ನು ನೋಡಿಕೊಂಡ ಈ ಮಹಿಳೆಯರಿಗೆ ಇಂದಿಗೂ ಸಿಗುವುದು ವೇತನವಲ್ಲ, ಗೌರವಧನ. ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ಗಂಡಸರ ಮಾತನ್ನು ಇಲ್ಲಿಯವರೆಗೆ ಎತ್ತದೆ ಬಂದದ್ದಕ್ಕೆ ಕಾರಣ, ಮೇಲಿನ ಯಾವ ಪಟ್ಟಿಯಲ್ಲೂ ಅವರು ಸಿಗುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ 15ರಿಂದ 59 ವರ್ಷದ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ಗಂಡಸರಲ್ಲಿ ಶೇ 21.4. ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74 ನಿಮಿಷ. ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುವ, ರಾತ್ರಿ ಎದ್ದು ಹಾಲು ಬಿಸಿ ಮಾಡುವ ಅಪ್ಪಂದಿರನ್ನು ನಾನು ದಿನವೂ ನೋಡುತ್ತೇನೆ, ನನ್ನ ತಂದೆಯ ತಲೆಮಾರಿನಲ್ಲಿ ಅದನ್ನು ಕಂಡಿರಲಿಲ್ಲ. ಆದರೆ ಸರ್ಕಾರಿ ನೌಕರನಾದ ತಂದೆಗೆ ಹದಿನೈದು ದಿನಗಳ ರಜೆ ಇದ್ದರೆ ಖಾಸಗಿ ಕೆಲಸದಲ್ಲಿರುವವನಿಗೆ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ಮಗು ತಾಯಿಯ ಜವಾಬ್ದಾರಿ ಎಂಬ ಹಳೆಯ ನಂಬಿಕೆ ಹೀಗೆ ಹೊಸ ಕಾನೂನಿನೊಳಗೂ ಬಂದು ಕೂತಿದೆ.

ಮೊಬೈಲಿನ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಸಲಹೆ ಕೊಟ್ಟಿದೆ, ಅದು ಸರಿಯಾದ ಸಲಹೆ. ಆದರೆ ಒಲೆಯ ಮೇಲೆ ಅನ್ನ, ಬಾಗಿಲಲ್ಲಿ ನೀರಿನವನು, ಕಾಲಬುಡದಲ್ಲಿ ಅಳುವ ಮಗು, ಮನೆಯಲ್ಲಿ ತಾನೊಬ್ಬಳೇ ಎಂಬಂತಿರುವ ತಾಯಿ ಮಗುವಿನ ಕೈಗೆ ಫೋನು ಕೊಡುವುದು ಅಜ್ಞಾನದಿಂದಲ್ಲ. ಅಕ್ಕ, ಚಿಕ್ಕಮ್ಮ, ಪಕ್ಕದ ಮನೆಯವರು ಮಾಡುತ್ತಿದ್ದ ಕೆಲಸವನ್ನು ಆ ಹತ್ತು ನಿಮಿಷ ಫೋನು ಮಾಡುತ್ತಿದೆ.

ದಾರಿಗಳು ಇಲ್ಲದೆ ಇಲ್ಲ, ಒಂದು ನಮ್ಮಲ್ಲಿಯೇ ಶುರುವಾಗಿದೆ. 2023ರಲ್ಲಿ ರಾಜ್ಯ ಸರ್ಕಾರ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯುವುದಾಗಿ ಘೋಷಿಸಿತು. ಹೆಸರೇ ಹೇಳುವಂತೆ ಅದು ಅಂಗನವಾಡಿ ಹೊರಗೇ ಉಳಿಸಿದ ವಯಸ್ಸಿನ ಕೂಸುಗಳಿಗೆ, ಆರು ತಿಂಗಳಿನಿಂದ ಮೂರು ವರ್ಷದವರಿಗೆ, ಉದ್ಯೋಗ ಖಾತ್ರಿ ಮತ್ತು ಇತರ ಕೂಲಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಮುಂದಿಟ್ಟುಕೊಂಡು ಮಾಡಿದ್ದು. ಅದು ಮಗು ಇರುವ ಊರಿನಲ್ಲೇ ಇದೆ. ಅಲ್ಲಿನ ಆರೈಕೆದಾರರು ಅದೇ ಪಂಚಾಯಿತಿಯ ಉದ್ಯೋಗ ಚೀಟಿ ಇರುವ, ತರಬೇತಿ ಪಡೆದ ಮಹಿಳೆಯರು. ಇದು ನಿಲ್ಲಬೇಕಾದರೆ ಕೂಲಿ ತಿಂಗಳು ತಿಂಗಳು ಬರಬೇಕು, ಹಾಲು, ತರಕಾರಿಗೆ ಹಣ ಬರಬೇಕು, ಬಾಗಿಲು ತಾಯಿ ಮರಳುವವರೆಗೂ ತೆರೆದಿರಬೇಕು. ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಗಾರ್ಮೆಂಟ್ಸ್ ವ್ಯಾನು ಊರು ತಲುಪುವುದು ಏಳರ ಮೇಲೆ. ಆ ಮೂರು ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಯೋಜನೆಯೂ ದುಡಿಯುವ ತಾಯಿಗೆ ಪೂರ್ತಿ ಒದಗುವುದಿಲ್ಲ. ನಗರದಲ್ಲಿ ಇಂಥ ಮನೆಗಳು ಕಾರ್ಖಾನೆಯ ಗೇಟಿನ ಒಳಗೆ ಇರುವ ಬದಲು ವಾರ್ಡಿನಲ್ಲಿ, ಬಾಡಿಗೆ ಮನೆಗಳ ಸಾಲಿನಲ್ಲಿ ಬರಬೇಕು, ಖರ್ಚನ್ನು ಒಬ್ಬ ಮಾಲೀಕನ ಬದಲು ಎಲ್ಲ ಮಾಲೀಕರಿಂದ ಸಂಗ್ರಹಿಸಿದ ನಿಧಿ ಮತ್ತು ಸರ್ಕಾರ ಸೇರಿ ಭರಿಸಬೇಕು.

ಕೂಸಿನ ಮನೆಯೊಂದಕ್ಕೆ ನಾನು ನನ್ನ ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ನೆಲಕ್ಕೆ ಚಾಪೆ ಹಾಸಿತ್ತು, ಮೂಲೆಯಲ್ಲಿ ಎರಡು ಜೋಲಿ, ಗೋಡೆಗೆ ಒರಗಿಸಿದ ಮರದ ಕುದುರೆ, ಏಳು ಮಕ್ಕಳು. ಅವುಗಳಲ್ಲಿ ಒಂದು ಆರೈಕೆದಾರಳ ಸೊಂಟದ ಮೇಲೆ ನಿದ್ದೆಗೆ ಜಾರುತ್ತಿತ್ತು. ಅವಳು ಮಗುವನ್ನು ಹಾಗೇ ಹಿಡಿದುಕೊಂಡು ಇನ್ನೊಂದು ಕೈಯಿಂದ ಹಾಜರಿ ಪುಸ್ತಕದಲ್ಲಿ ಆ ದಿನದ ಸಹಿ ಹಾಕಿದಳು. ತಾಯಿ ಆ ಪುಸ್ತಕ ಏನೆಂದು ಕೇಳಿದರು. "ನಂದೇ ಅಮ್ಮಾ, ಕೂಲಿ ಲೆಕ್ಕ" ಎಂದಳು ಅವಳು. "ಮಗು ಎತ್ಕೊಂಡಿದ್ದಕ್ಕಾ?" ಎಂದು ತಾಯಿ ಮತ್ತೆ ಕೇಳಿ ಖಚಿತ ಮಾಡಿಕೊಂಡರು.